ಜೀರ್ಣೋದ್ಧಾರವೂ ಪಾಠಪರಿಷ್ಕರಣವೂ: ಹಳೆಯ ಮನೆಯ ದುರಸ್ತಿಯನ್ನು ಕುರಿತು

೧

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಚಿರಪರಿಚಿತವಾದುದು. ಒಡೆದುದನ್ನು, ಬಿರಿದುದನ್ನು, ಸವೆದುದನ್ನು ಸರಿಪಡಿಸುವುದಕ್ಕೆಂದು ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಟ್ಟ ಸಂಗತಿಯನ್ನು ಅದು ತಿಳಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಎಷ್ಟೋ ವೇಳೆ ಈ ದತ್ತಿ ದೇವಾಲಯವನ್ನು ಕಟ್ಟಿಸಿದ ಕಾಲದಲ್ಲಿಯೇ ಏರ್ಪಟ್ಟಿರುತ್ತದೆ. ಎಂದರೆ, ಕಟ್ಟಿಸಿದವನು ತನ್ನ ಕಟ್ಟಡ ಸವೆಯತಕ್ಕದ್ದೆಂಬುದನ್ನು ಮೊದಲೇ ಒಪ್ಪಿಕೊಂಡಿದ್ದನು. ಅವನ ಪಾಲಿಗೆ ದುರಸ್ತಿ ಆಕಸ್ಮಿಕವಲ್ಲ. ನಿತ್ಯಪೂಜೆಯಂತೆ ಅದೂ ಕಟ್ಟಡದ ಬಾಳಿನ ಒಂದು ಅಂಗ.

ಆದರೆ ಶಾಸನಗಳು ಹೇಳುವುದು ದೇವಾಲಯಗಳ ಮಾತನ್ನು. ಜನ ವಾಸಿಸುವ ಸಾಮಾನ್ಯ ಮನೆಗೆ ಇಂಥ ದತ್ತಿಯೂ ಇಲ್ಲ, ಶಾಸನವೂ ಇಲ್ಲ. ಅಜ್ಜ ಕಟ್ಟಿಸಿದ ತೊಟ್ಟಿಮನೆ ಮೊಮ್ಮಕ್ಕಳ ಕೈಗೆ ಬಂದಾಗ ಕೆಡಹುವುದೋ ಉಳಿಸುವುದೋ, ಉಳಿಸುವುದಾದರೆ ಅದರಲ್ಲಿ ಯಾವುದನ್ನು ಉಳಿಸುವುದು ಎಂಬ ಪ್ರಶ್ನೆ ಏಳುತ್ತದೆ. ಇದು ಇಂಜಿನಿಯರರಿಗೂ ಮೇಸ್ತ್ರಿಗಳಿಗೂ ಸೇರಿದ ವಿಚಾರ, ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಹಳೆಯ ಮನೆಯನ್ನು ದುರಸ್ತಿ ಮಾಡುವವನೂ ಹಳೆಯ ಕಾವ್ಯವನ್ನು ಸಂಪಾದಿಸುವವನೂ ಎದುರಿಸುವ ಸಮಸ್ಯೆ ಬಹುಮಟ್ಟಿಗೆ ಒಂದೇ ಎಂಬುದು ನಮ್ಮ ಅಭಿಪ್ರಾಯ. ಈ ಸಾಮ್ಯ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಈ ಪ್ರಶ್ನೆಯನ್ನು ತತ್ತ್ವದ ಮಟ್ಟಕ್ಕೆ ಏರಿಸಿದ ಚರ್ಚೆ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ. ೧೮೪೯ರಲ್ಲಿ ಪ್ರಕಟವಾದ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ ಎಂಬ ಗ್ರಂಥದಲ್ಲಿ ಜಾನ್ ರಸ್ಕಿನ್ನನು ಪುನರುದ್ಧಾರವನ್ನು ವಿನಾಶದ ಅತ್ಯಂತ ಹೀನವಾದ ರೂಪವೆಂದೇ ಎಣಿಸಿದನು. ಕೆತ್ತಿದ ಕೈಯ ಚೈತನ್ಯ ಆ ಕೈಯೊಡನೆಯೇ ಹೋಯಿತು. ಅದನ್ನು ಮತ್ತೆ ತರಲು ಯಾರಿಂದಲೂ ಆಗದು ಎಂಬುದು ಅವನ ವಾದ. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯೂಕನದು ಇದಕ್ಕೆ ವಿರುದ್ಧವಾದ ಪಕ್ಷ. ಕಟ್ಟಡವನ್ನು ಉದ್ಧರಿಸುವುದೆಂದರೆ ಅದಕ್ಕೆ ಪರಿಪೂರ್ಣ ಸ್ಥಿತಿಯನ್ನು ತಂದುಕೊಡುವುದು. ಆ ಸ್ಥಿತಿ ಹಿಂದೆ ಯಾವ ಕಾಲದಲ್ಲಿಯೂ ಇದ್ದಿರಲಾರದು, ಆದರೂ ಬಾಧಕವಿಲ್ಲ ಎಂದು ಅವನು ಬರೆದನು. ೧೮೫೭ರಿಂದ ಮುಂದಕ್ಕೆ ಮೂರನೆಯ ನೆಪೋಲಿಯನ್ನನಿಗಾಗಿ ಪಾಳುಬಿದ್ದಿದ್ದ ಪಿಯರ್‌ಫಾಂದ್ ಕೋಟೆಯನ್ನು ಅರಸರ ವಾಸಗೃಹವಾಗಿ ಕಟ್ಟಿದ ರೀತಿ ಈ ತತ್ತ್ವದ ಪ್ರತ್ಯಕ್ಷ ನಿದರ್ಶನ. ಅದನ್ನು ನೋಡುವವನಿಗೆ ಮಧ್ಯಯುಗ ಎಲ್ಲಿ ಮುಗಿಯಿತು, ವಿಯೋಲೆ-ಲ-ದ್ಯೂಕ್ ಎಲ್ಲಿ ಆರಂಭವಾದನು ಎಂಬುದನ್ನು ಗುರುತಿಸುವುದು ಸುಲಭವಲ್ಲ.

ರಸ್ಕಿನ್ನನ ಅನುಯಾಯಿಯಾದ ವಿಲಿಯಂ ಮಾರಿಸ್ ೧೮೭೭ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿ ಪ್ರಣಾಳಿಕೆಯೊಂದನ್ನು ರಚಿಸಿದನು. ಉದ್ಧಾರ ಬೇಡ, ರಕ್ಷಣೆ ಸಾಕು. ದಿನದಿನದ ಆರೈಕೆಯಿಂದ ಶಿಥಿಲತೆಯನ್ನು ತಡೆಯಿರಿ ಎಂಬುದು ಅದರ ಸಾರ. ಈ ಮಾತಿಗೂ ನಮ್ಮ ಶಾಸನಗಳ ದತ್ತಿಗೂ ದೂರವಿಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ನಾಡಹೆಂಚುಗಳನ್ನು ಇಳಿಸಿ, ಒಡೆದುದನ್ನು ತೆಗೆದು, ಉಳಿದುದನ್ನು ಮತ್ತೆ ಹೊದಿಸುತ್ತಿದ್ದ ಗೃಹಸ್ಥನೂ ಮಾರಿಸನನ್ನು ಓದದೆಯೇ ಈ ತತ್ತ್ವವನ್ನು ಆಚರಿಸುತ್ತಿದ್ದನು.

ಆದರೆ ಅದೇ ಪ್ರಣಾಳಿಕೆಯಲ್ಲಿ ಇನ್ನೊಂದು ಮಾತೂ ಇದೆ: ಹಳೆಯ ಕಟ್ಟಡ ಈಗಿನ ಬಳಕೆಗೆ ಅನುಕೂಲವಾಗಿಲ್ಲದಿದ್ದರೆ ಅದನ್ನು ಮಾರ್ಪಡಿಸಬೇಡಿ, ಬೇರೊಂದನ್ನು ಕಟ್ಟಿಕೊಳ್ಳಿ. ಚರ್ಚಿನ ವಿಷಯದಲ್ಲಿ ಇದು ಒಪ್ಪತಕ್ಕ ಮಾತಾಗಬಹುದು. ಒಂದೇ ನಿವೇಶನವೂ ಒಂದೇ ಮನೆಯೂ ಉಳ್ಳ ಸಂಸಾರಕ್ಕೆ ಇದು ಸಲಹೆಯಲ್ಲ, ನಿರಾಕರಣೆ. ಈ ಎಡೆಯಲ್ಲಿ ವಿಯೋಲೆ-ಲ-ದ್ಯೂಕನೇ ಹೆಚ್ಚು ವಿವೇಕಿ. ಕಟ್ಟಡವನ್ನು ಉಳಿಸುವ ಅತ್ಯುತ್ತಮ ಉಪಾಯವೆಂದರೆ ಅದಕ್ಕೊಂದು ಉಪಯೋಗವನ್ನು ಕಲ್ಪಿಸುವುದು ಎಂದು ಅವನೇ ಹೇಳಿದ್ದಾನೆ. ಅವನ ಕೃತಿಯನ್ನು ಖಂಡಿಸುವವರು ಈ ಮಾತನ್ನು ಮರೆಯುವುದುಂಟು.

೩

೧೯೬೪ರಲ್ಲಿ ಎರಡು ಸಂಗತಿಗಳು ನಡೆದುವು. ವೆನಿಸ್ ನಗರದಲ್ಲಿ ಸೇರಿದ ತಜ್ಞರು ಸ್ಮಾರಕಗಳ ರಕ್ಷಣೆಯನ್ನು ಕುರಿತ ಸನ್ನದನ್ನು ಅಂಗೀಕರಿಸಿದರು. ಕನ್ನಡದಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಪ್ರಕಟವಾಯಿತು. ಇವೆರಡಕ್ಕೂ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ಉದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ ಭಾಗ ಹಳೆಯದರೊಡನೆ ಹೊಂದಿಕೊಂಡಿದ್ದರೂ ಬೇರೆಯೆಂದು ಗುರುತು ಸಿಕ್ಕಬೇಕು ಎಂಬ ವೆನಿಸ್ ಸನ್ನದಿನ ವಿಧಿಗಳು ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಹೊಸವಲ್ಲ. ತ್ರುಟಿತವಾದ ಎಡೆಯಲ್ಲಿ ಸಂಪಾದಕನು ಊಹಾಪಾಠವನ್ನು ಕೊಡುವುದಾದರೆ ಕಂಸದಲ್ಲಿಟ್ಟು ಕೊಡುತ್ತಾನೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ಪ್ರತಿಯಲ್ಲಿದ್ದುದಾವುದು, ತಾನು ಸೇರಿಸಿದುದಾವುದು ಎಂಬುದನ್ನು ಮರೆಮಾಚದಿರುವುದೇ ಅವನ ಧರ್ಮ.

ಮನೆಯ ದುರಸ್ತಿಯಲ್ಲಿ ಈ ಧರ್ಮ ತಪ್ಪಿದಾಗ ಫಲವೇನೆಂಬುದಕ್ಕೆ ಗೋಡೆಯೇ ಸಾಕ್ಷಿ. ಮಣ್ಣಿನಿಂದಲೋ, ಸುಣ್ಣದ ಗಾರೆಯಿಂದ ಕಟ್ಟಿದ ಇಟ್ಟಿಗೆಯಿಂದಲೋ ಆದ ಹಳೆಯ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ. ಹೀರಿದ ತೇವವನ್ನು ತನ್ನ ಮೈಯಿಂದಲೇ ಗಾಳಿಗೆ ಬಿಡುತ್ತದೆ. ಸುಣ್ಣದ ಗಿಲಾವು ಸೂಕ್ಷ್ಮರಂಧ್ರಗಳುಳ್ಳದ್ದಾದುದರಿಂದ ಇದಕ್ಕೆ ಅಡ್ಡಿಯಾಗುವುದಿಲ್ಲ. ಗಿಲಾವು ಉದುರಿತೆಂದು ಅದರ ಮೇಲೆ ಸಿಮೆಂಟನ್ನು ಬಳಿದರೆ ಗೋಡೆ ಕೆಲವು ಕಾಲ ಹೊಸತರಂತೆ ಕಾಣುತ್ತದೆ. ಒಳಗಿನ ತೇವಕ್ಕೆ ಹೊರದಾರಿ ಕಟ್ಟಿಹೋಗಿ ಅದು ಮೇಲಕ್ಕೇರುತ್ತದೆ, ಲವಣಗಳು ಸಿಮೆಂಟಿನ ಹಿಂದೆ ಹರಳುಗಟ್ಟುತ್ತವೆ, ಮಣ್ಣು ಸಡಿಲವಾಗುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಕಡೆಗೆ ಸಿಮೆಂಟು ಹಪ್ಪಳಗಟ್ಟಿ ಬೀಳುವಾಗ ತನ್ನೊಡನೆ ಗೋಡೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಹಳಗನ್ನಡದ ವ್ಯಾಕರಣವರಿಯದ ಲಿಪಿಕಾರನು ತನಗೆ ತಿಳಿಯದ ರೂಪವನ್ನು ತಿದ್ದಿ ಛಂದಸ್ಸನ್ನು ಕೆಡಿಸಿದಂತೆಯೇ ಇದೂ ಕೂಡ. ತಪ್ಪು ಹೊಸ ಪದಾರ್ಥದಲ್ಲಿಲ್ಲ. ಹಳೆಯದು ಯಾವ ನಿಯಮದಿಂದ ನಿಂತಿದೆಯೆಂಬುದನ್ನು ಅರಿಯದೆ ತಿದ್ದಿದುದರಲ್ಲಿದೆ.

ಮದ್ರಾಸ್ ತಾರಸಿಯ ವಿಷಯವೂ ಹೀಗೆಯೇ. ಮರದ ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಿಂದ ಬೆಸೆದು, ಅದರ ಮೇಲೆ ಸುಣ್ಣದ ಕಾಂಕ್ರೀಟನ್ನು ಬಡಿದು ಮಾಡಿದ ಛಾವಣಿ ಇದು. ಒಂದೆರಡು ಜಂತೆಗಳ ತುದಿಯನ್ನು ಗೆದ್ದಲು ತಿಂದಿತೆಂದು ಇಡೀ ಛಾವಣಿಯನ್ನು ಕಿತ್ತು ಹಾಕುವವರುಂಟು. ಬಲ್ಲ ಬಡಗಿಯಾದರೋ ಕೆಟ್ಟ ಭಾಗವನ್ನು ಮಾತ್ರ ಕೊಯ್ದು ಹೊಸ ಮರವನ್ನು ಕಚ್ಚಿಟ್ಟು ಸೇರಿಸುತ್ತಾನೆ. ಹೊಸ ಮರ ಹೊಸದಾಗಿಯೇ ಕಾಣುತ್ತದೆ, ಕಾಣಲಿ. ಅದೇ ಅವನ ಕಂಸ.

೪

ಇಷ್ಟರ ಮಟ್ಟಿಗೆ ಸಾಮ್ಯ ಸಲ್ಲುತ್ತದೆ. ಇನ್ನು ಅದು ಸಲ್ಲದ ಎಡೆಯನ್ನು ನೋಡೋಣ. ಸಂಪಾದಕನು ಹುಡುಕುವುದು ಒಬ್ಬ ಕವಿಯ ಮೂಲಪಾಠವನ್ನು. ನಡುವೆ ಸೇರಿದುದು ಅವನಿಗೆ ಪ್ರಕ್ಷೇಪ. ಮನೆಗೆ ಇಂಥ ಮೂಲವುಂಟೆ? ತೊಟ್ಟಿಯ ಸುತ್ತಲಿನ ಪಡಸಾಲೆ ಒಂದು ತಲೆಮಾರಿನದು, ಬಾಣಂತಿಯ ಕೋಣೆ ಇನ್ನೊಂದರದು, ಪಾಲಾದಾಗ ಎದ್ದ ನಡುಗೋಡೆ ಮತ್ತೊಂದರದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಎಷ್ಟೋ ಮನೆಗಳ ಹುಲ್ಲಿನ ಮಾಡೂ ನಾಡಹೆಂಚಿನ ಮಾಡೂ ಮಂಗಳೂರು ಹೆಂಚಿನದಾದುವು. ಈಗ ನಾವು ‘ಸಂಪ್ರದಾಯ’ವೆಂದು ಮೆಚ್ಚುವ ಆ ಕೆಂಪು ಮಾಡು ಒಂದು ಕಾಲದ ನವೀಕರಣವೇ ಸರಿ. ಇವುಗಳನ್ನೆಲ್ಲ ಪ್ರಕ್ಷೇಪವೆಂದು ತೆಗೆದುಹಾಕಿದರೆ ಉಳಿಯುವುದು ಮನೆಯಲ್ಲ, ಮನೆಯ ನಕ್ಷೆ.

ಆದುದರಿಂದ ಮನೆಗೆ ತಕ್ಕ ಉಪಮಾನ ಒಬ್ಬ ಕವಿಯ ಚಂಪೂಕಾವ್ಯವಲ್ಲ, ಶೂನ್ಯಸಂಪಾದನೆಯೆಂದು ನಮಗೆ ತೋರುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಅದನ್ನು ಪರಿಷ್ಕರಿಸಿದರು. ಪ್ರತಿಯೊಬ್ಬನೂ ಹಿಂದಿನದನ್ನು ಆಧಾರವಾಗಿಟ್ಟುಕೊಂಡು ತನ್ನ ಕಾಲದ ಅರಿವಿಗೆ ತಕ್ಕಂತೆ ಸೇರಿಸಿದನು, ಬಿಟ್ಟನು. ಕೊನೆಯದನ್ನು ಪ್ರಕ್ಷೇಪವೆಂದು ಯಾರೂ ತಳ್ಳಿಹಾಕಲಿಲ್ಲ. ಮನೆಯಲ್ಲಿ ಬಾಳುವವನೂ ಇಂಥ ಪರಿಷ್ಕರ್ತನೇ. ಹೊಗೆ ತುಂಬಿದ ಅಡಿಗೆಮನೆಗೆ ಬೆಳಕಿಂಡಿ ಬೇಕೆನ್ನುವ, ಮುಪ್ಪಿನ ತಾಯಿಗೆ ಬಚ್ಚಲು ಹತ್ತಿರವಾಗಬೇಕೆನ್ನುವ ಅವನ ಅಧಿಕಾರವನ್ನು ಯಾವ ಸನ್ನದೂ ಕಿತ್ತುಕೊಳ್ಳಲಾರದು. ೧೯೯೪ರಲ್ಲಿ ಜಪಾನಿನ ನಾರಾ ನಗರದಲ್ಲಿ ರಚಿತವಾದ ಪತ್ರ, ಪ್ರಾಮಾಣ್ಯವನ್ನು ಆಯಾ ಸಂಸ್ಕೃತಿಯ ಹಿನ್ನೆಲೆಯಲ್ಲಿಯೇ ಅಳೆಯಬೇಕೆಂದು ಒಪ್ಪಿಕೊಂಡಿತು. ೨೦೦೪ರ ಇಂಟ್ಯಾಕ್ ಸನ್ನದು ಜೀರ್ಣೋದ್ಧಾರವನ್ನು ಜೀವಂತ ಪರಂಪರೆಯೆಂದು ಗೌರವಿಸಿತು. ಇವೆರಡೂ ವೆನಿಸ್ ಸನ್ನದಿಗೆ ಅವಶ್ಯವಾಗಿದ್ದ ತಿದ್ದುಪಡಿಗಳು.

೫

ಮೈಸೂರಿನ ಯಾದವಗಿರಿಯಲ್ಲಿರುವ ಆರ್. ಕೆ. ನಾರಾಯಣರ ಮನೆಯನ್ನು ೨೦೧೧ರಲ್ಲಿ ಕೆಡಹಲು ತೊಡಗಿದ್ದರು. ಸಾರ್ವಜನಿಕರ ಆಕ್ಷೇಪಣೆಯಿಂದ ಆ ಕೆಲಸ ನಿಂತಿತು. ಮನೆ ಸಾರ್ವಜನಿಕ ಸ್ವತ್ತಾಗಿ, ದುರಸ್ತಿಗೊಂಡು, ೨೦೧೬ರಲ್ಲಿ ಸ್ಮಾರಕವಾಗಿ ತೆರೆಯಿತು. ಇದು ಸಂತೋಷದ ಸಂಗತಿ. ಆದರೆ ಆ ಮನೆಯನ್ನು ಉಳಿಸಿದ್ದು ಬರೆದವನ ಹೆಸರು. ಹೆಸರಿಲ್ಲದವರ ಮನೆಗಳನ್ನು ಉಳಿಸುವವರಾರು? ಸ್ಮಾರಕಗಳ ನಿಯಮವನ್ನು ಅವುಗಳಿಗೆ ಹೇರಿದರೆ ಒಡೆಯನು ಬೇಸತ್ತು ಕೆಡಹುತ್ತಾನೆ. ಯಾವ ನಿಯಮವೂ ಬೇಡವೆಂದರೆ ಸಿಮೆಂಟು ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ.

ನಮ್ಮ ನಿರ್ಣಯವಿಷ್ಟು. ಗೋಡೆ, ಗಾರೆ, ಮರಗಳ ವಿಷಯದಲ್ಲಿ ದುರಸ್ತಿ ಮಾಡುವವನು ಸಂಪಾದಕನಂತೆ ನಡೆಯಬೇಕು: ಹಳೆಯದರ ವ್ಯಾಕರಣವನ್ನು ಕಲಿಯದೆ ಒಂದಕ್ಷರವನ್ನೂ ತಿದ್ದಬಾರದು. ಕೋಣೆ, ಕಿಟಕಿ, ಒಲೆಗಳ ವಿಷಯದಲ್ಲಿ ಅವನು ಶೂನ್ಯಸಂಪಾದನಕಾರರಂತೆ ಸ್ವತಂತ್ರನು. ಈ ಎರಡನ್ನು ಬೆರೆಸಿ ಗೊಂದಲ ಮಾಡಿಕೊಂಡುದೇ ಹತ್ತೊಂಬತ್ತನೆಯ ಶತಮಾನದ ವಾದದ ದೋಷ.

ವಿದ್ಯಾರ್ಥಿಗಳಿಗೆ ಒಂದು ಸೂಚನೆ. ತಾಳೆಗರಿಯನ್ನು ಹುಡುಕಿಕೊಂಡು ಹಳ್ಳಿಗಳಿಗೆ ಹೋಗುವವರು ಅದು ಸಿಕ್ಕಿದ ಮನೆಯನ್ನೂ ಒಮ್ಮೆ ಅಳೆದು, ಅಂಕಣಗಳನ್ನೆಣಿಸಿ, ನಕ್ಷೆ ಬರೆದು, ಯಾವ ಭಾಗ ಯಾರ ಕಾಲದ್ದೆಂದು ಮನೆಯ ಹಿರಿಯರನ್ನು ಕೇಳಿ ಗುರುತು ಹಾಕಿಕೊಂಡು ಬರಲಿ. ಗರಿಯನ್ನು ಗ್ರಂಥಭಂಡಾರಕ್ಕೆ ತರಬಹುದು; ಅದನ್ನು ಇಷ್ಟು ಕಾಲ ಮಳೆಯಿಂದ ಕಾಪಾಡಿದ ಅಟ್ಟವನ್ನು ತರಲಾಗುವುದಿಲ್ಲ.