ಎಂಟನೇ ತರಗತಿಗೇ ಡಾಕ್ಟರ್ ಓದು

‘ಹುಡುಗಿ ಶಾಣ್ಯಾಕಿ ಅದಾಳ, ಡಾಕ್ಟರ್ ಮಾಡೂಣು. ಈಗಿಂದನ ನೀಟ್‌ಗೆ ತಯಾರಿ ಸುರು ಆಗ್ಲಿ.’ ಹಾವೇರಿ ಜಿಲ್ಲೆಯ ತಿಳವಳ್ಳಿ ಸುತ್ತಿನ ಹಳ್ಳಿಗಳಲ್ಲಿ ಮಗು ಏಳನೇ ತರಗತಿ ಮುಗಿಸುವ ಹೊತ್ತಿಗೆ ಇಂಥ ಮಾತು ಏಳುತ್ತದೆ. ಅಲ್ಲಿಂದ ಮುಂದಿನದು ಟಿ.ಸಿ. ತೆಗೆಸಿ, ಹುಬ್ಬಳ್ಳಿಗೋ ದಾವಣಗೆರೆಗೋ ಕರೆದೊಯ್ದು, ‘ಫೌಂಡೇಶನ್ ಕೋರ್ಸ್’ ಇರುವ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆಗೆ ಸೇರಿಸುವುದು. ಇದಕ್ಕಾಗಿ ಸಾಲ ಮಾಡುವವರೂ ಇದ್ದಾರೆ. ತಂದೆ ತಾಯಿಯ ಆಸೆಯಲ್ಲಿ ತಪ್ಪಿಲ್ಲ. ಆದರೆ ಈ ಪದ್ಧತಿಯನ್ನು ಅದು ಹೇಳಿಕೊಳ್ಳುವ ಗುರಿಯಿಂದಲೇ ಅಳೆದರೂ, ಎಂಬಿಬಿಎಸ್ ಸೀಟು ಹಳ್ಳಿಯ ಮಗುವಿಗೆ ಹತ್ತಿರವಾಗುವ ಬದಲು ದೂರವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸೀಟು ಹಂಚಿಕೆಯ ನಿಯಮದಲ್ಲೇ ಇದೆ. ಒಂದರಿಂದ ಹತ್ತನೇ ತರಗತಿವರೆಗೆ, ಹತ್ತೂ ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಕರ್ನಾಟಕದಲ್ಲಿ ಶೇ 15ರಷ್ಟು ಮೀಸಲಾತಿ ಇದೆ. ಸಾಮಾನ್ಯ ವರ್ಗದವರಾದರೆ ಕೆನೆಪದರದ ಷರತ್ತು ಅನ್ವಯಿಸುತ್ತದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಎಂಟನೇ ತರಗತಿಗೆ ಊರು ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ದಿನವೇ ಈ ಎರಡೂ ಹಕ್ಕು ಕೈತಪ್ಪುತ್ತವೆ. ಏಳು ವರ್ಷ ಹಳ್ಳಿಯಲ್ಲೇ ಓದಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ನೋಡಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಅಲ್ಲಿರುವುದು 150 ಸೀಟು. ಅಖಿಲ ಭಾರತ ಕೋಟಾಕ್ಕೆ ಹೋಗುವ ಶೇ 15 ಕಳೆದರೆ ಸುಮಾರು 128 ಉಳಿಯುತ್ತವೆ. ಅದರಲ್ಲಿ ಶೇ 15 ಅಂದರೆ 19ರ ಆಸುಪಾಸು, ಶೇ 5 ಅಂದರೆ 6. ಹುಬ್ಬಳ್ಳಿ, ಗದಗ, ಶಿವಮೊಗ್ಗದ ಸರ್ಕಾರಿ ಕಾಲೇಜುಗಳಲ್ಲೂ ಇದೇ ನಿಯಮ. ಒಂದೊಂದು ಅಂಕಕ್ಕೆ ಸಾವಿರಾರು ರ‍್ಯಾಂಕ್ ಹಿಂದೆ ಮುಂದೆ ಆಗುವ ಪರೀಕ್ಷೆಯಲ್ಲಿ ಈ ಆಸರೆ ಸಣ್ಣದಲ್ಲ.

ಫೌಂಡೇಶನ್ ಕೋರ್ಸಿನಿಂದ ಲಾಭವೇ ಇಲ್ಲವೆಂದಲ್ಲ. ಇಂಗ್ಲಿಷ್ ಪಾರಿಭಾಷಿಕ ಪದಗಳು ಬೇಗ ಬಾಯಿಗೆ ಬರುತ್ತವೆ, ಓಎಂಆರ್ ಹಾಳೆಯ ಹೆದರಿಕೆ ಹೋಗುತ್ತದೆ. ಆದರೆ ನೀಟ್ ಪಠ್ಯಕ್ರಮ ಇರುವುದೇ 11 ಮತ್ತು 12ನೇ ತರಗತಿಯದು. 180 ಪ್ರಶ್ನೆ, 180 ನಿಮಿಷ, ಸರಿಗೆ 4 ಅಂಕ, ತಪ್ಪಿಗೆ 1 ಕಡಿತ: ಈ ವೇಗವನ್ನು ರೂಢಿಸಿಕೊಳ್ಳಲು ಪಿಯುಸಿಯ ಎರಡು ವರ್ಷ ಸಾಕು. ಹದಿಮೂರರ ಮಗುವಿಗೆ ಐದು ವರ್ಷ ಅದನ್ನೇ ಮಾಡಿಸಿದರೆ ಪ್ರಶ್ನೆ ಕೇಳುವ ಬುದ್ಧಿ ಹೋಗಿ, ನಾಲ್ಕರಲ್ಲಿ ಒಂದನ್ನು ಆರಿಸುವ ಬುದ್ಧಿ ಮಾತ್ರ ಉಳಿಯುತ್ತದೆ.

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಒಂದು ಪ್ರಯೋಗವಿದೆ. ಹಸಿರು ಬಿಳಿ ಮಚ್ಚೆಯ ಕ್ರೋಟನ್ ಅಥವಾ ಮನಿಪ್ಲಾಂಟ್ ಗಿಡವನ್ನು ಮೂರು ದಿನ ಕತ್ತಲೆಯಲ್ಲಿಟ್ಟು, ಆಮೇಲೆ ಬಿಸಿಲಿಗಿಟ್ಟು, ಒಂದು ಎಲೆ ಕಿತ್ತು ಅದರಲ್ಲಿ ಹಸಿರು ಎಲ್ಲೆಲ್ಲಿದೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ಎಲೆಯನ್ನು ಆಲ್ಕೋಹಾಲಿನಲ್ಲಿ ಕಾಯಿಸಿ ಬಣ್ಣ ತೆಗೆದು ಅಯೋಡಿನ್ ಹಾಕಿದರೆ, ಮೊದಲು ಹಸಿರಿದ್ದ ಕಡೆ ಮಾತ್ರ ನೀಲಿಗಪ್ಪು ಮೂಡುತ್ತದೆ. ಮಗು ತಾನೇ ಬರೆದ ಚಿತ್ರವನ್ನೂ ಆ ಎಲೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಮೊದಲು ಗಮನಿಸು, ಬರೆದಿಟ್ಟುಕೊ, ಆಮೇಲೆ ತೀರ್ಮಾನಕ್ಕೆ ಬಾ. ರೋಗಿಯ ಮುಂದೆ ಕೂತ ವೈದ್ಯರು ಮಾಡುವುದೂ ಇದನ್ನೇ. ಪ್ರೌಢಶಾಲೆಯಲ್ಲಿ ವೈದ್ಯಕೀಯಕ್ಕೆ ನಿಜವಾದ ತಯಾರಿ ಇದು. ಮನಿಪ್ಲಾಂಟ್ ಯಾವ ಊರಲ್ಲೂ ಸಿಗುತ್ತದೆ, ಪ್ರಯೋಗ ಮಾಡಿಸುವ ಶಿಕ್ಷಕರು ಬೇಕು.

ಹಳ್ಳಿಯ ಶಾಲೆಯ ದೋಷವನ್ನು ಮುಚ್ಚಿಡಬೇಕಾಗಿಲ್ಲ. ಗಣಿತ, ವಿಜ್ಞಾನದ ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ ಇಡೀ ವರ್ಷ ಹಾಳು. ನಮ್ಮ ಮಕ್ಕಳು ನೀಟ್‌ನಲ್ಲಿ ಹಿಂದೆ ಬೀಳುವುದೂ ಹೆಚ್ಚಾಗಿ ಭೌತಶಾಸ್ತ್ರದ 45 ಪ್ರಶ್ನೆಗಳಲ್ಲಿ. ಅದರ ಬೇರು ಹತ್ತನೇ ತರಗತಿಯ ಬೀಜಗಣಿತ, ತ್ರಿಕೋನಮಿತಿಯಲ್ಲಿದೆ. ಎರಡನೆಯ ಏಟು ಪಿಯುಸಿಯಲ್ಲಿ ಬೀಳುತ್ತದೆ. 2017ರಿಂದ ನೀಟ್ ಅನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಆ ಎರಡು ವರ್ಷ ವಿಜ್ಞಾನದ ಪಾಠ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹಾಗಾಗಿ ಹಣ ಖರ್ಚು ಮಾಡುವುದಿದ್ದರೆ ಒಂಬತ್ತು, ಹತ್ತರಲ್ಲಿ ಊರಲ್ಲೇ ಗಣಿತಕ್ಕೂ ಇಂಗ್ಲಿಷಿಗೂ ಒಳ್ಳೆಯ ಪಾಠ ಹೇಳಿಸಿ. ಕೋಚಿಂಗ್ ಬೇಕೇ ಬೇಕಾದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಕಳಿಸಿ.

ಟಿ.ಸಿ. ತೆಗೆಸುವ ಮೊದಲು ಶಾಲೆಯ ಮುಖ್ಯೋಪಾಧ್ಯಾಯರ ಹತ್ತಿರ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರದ ನಮೂನೆ ಕೇಳಿ ಓದಿಕೊಳ್ಳಿ. ಅದರಲ್ಲಿ ಹತ್ತು ವರ್ಷವೂ ತುಂಬಿರಬೇಕು, ಬಿಇಒ ಅವರ ಮೇಲುರುಜು ಇರಬೇಕು.