ಪಿನಾಕಿನಿಯ ಜೊತೆ ಇಳಿಯುವ ದಾರಿ

ಭಾನುವಾರ ಬಂತೆಂದರೆ ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿ ಬೆಟ್ಟವೇ ಗತಿ. ಕತ್ತಲಲ್ಲೇ ಹೆಬ್ಬಾಳ ದಾಟುತ್ತಾರೆ, ದೇವನಹಳ್ಳಿ ಹೊತ್ತಿಗೆ ಬೆಳಕು ಹರಿಯುತ್ತದೆ, ಆಮೇಲೆ ಬುಡದಿಂದ ಮೇಲಿನ ಬಾಗಿಲವರೆಗೆ ಏಳೂವರೆ ಕಿಲೋಮೀಟರಿನಷ್ಟು ಏರು. ಲಂಡನ್ನಿನ ಸವಾರರಿಗೆ ಸರ್ರೆಯ ಬಾಕ್ಸ್ ಹಿಲ್ ಇದ್ದಂತೆ ನಮ್ಮವರಿಗೆ ನಂದಿ. 2012ರ ಒಲಿಂಪಿಕ್ಸ್‌ನಲ್ಲಿ ಪುರುಷರ ರಸ್ತೆ ಸ್ಪರ್ಧೆ ಬಾಕ್ಸ್ ಹಿಲ್ಲನ್ನು ಒಂಬತ್ತು ಸಲ ಸುತ್ತಿಹತ್ತಿತ್ತು. ಆದರೆ ಆ ಏರಿನ ಉದ್ದ ಎರಡೂವರೆ ಕಿಲೋಮೀಟರ್ ಮಾತ್ರ. ನಂದಿ ಅದರ ಮೂರರಷ್ಟು ಉದ್ದ, ಇಳಿಜಾರೂ ಅದಕ್ಕಿಂತ ಕಡಿದು. ಹಾಗಾಗಿ ನಂದಿಯನ್ನು ಹೊಗಳುವವರ ಜೊತೆ ನನಗೆ ತಕರಾರಿಲ್ಲ. ತುದಿಯಲ್ಲಿ ಫೋಟೊ ತೆಗೆಸಿಕೊಂಡು ಬಂದ ದಾರಿಗೇ ಸುಂಕವಿಲ್ಲವೆಂದು ವಾಪಸಾಗುತ್ತಾರಲ್ಲ, ತಕರಾರು ಅದರದ್ದು. ಈ ಸೀಮೆಯ ಒಳ್ಳೆಯ ಸೈಕಲ್ ದಾರಿ ಶುರುವಾಗುವುದೇ ಬೆಟ್ಟದ ಆಚೆಗೆ.

ಒಳ್ಳೆಯ ದಾರಿಯನ್ನು ಹುಡುಕಲು ನಾನು ಮೊದಲು ನೀರನ್ನು ನೋಡುತ್ತೇನೆ. ಉತ್ತರ ಪಿನಾಕಿನಿ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ಅಲ್ಲಿಂದ ವಾಯವ್ಯಕ್ಕೆ ಇಳಿದು, ಗೌರಿಬಿದನೂರಿನ ಮಗ್ಗುಲಲ್ಲಿ ಹಾದು, ವಿದುರಾಶ್ವತ್ಥವನ್ನು ಮುಟ್ಟಿ, ಹಿಂದೂಪುರದ ಕಡೆಗೆ ಆಂಧ್ರಕ್ಕೆ ಹೋಗಿ, ಕೊನೆಗೆ ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ವರ್ಷದ ಬಹುಪಾಲು ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಆದರೂ ನೆಲವನ್ನು ಹದವಾಗಿ ಇಳಿಸಿಕೊಟ್ಟದ್ದು ಆ ನದಿಯೇ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು 700ಕ್ಕೂ ತುಸು ಕೆಳಗೆ. ನಡುವಿನ ದಾರಿ 35 ಕಿಲೋಮೀಟರ್ ಆಸುಪಾಸು. ವಿದುರಾಶ್ವತ್ಥಕ್ಕೆ ಅಲ್ಲಿಂದ ಇನ್ನೊಂದು ಆರೇಳು ಕಿಲೋಮೀಟರ್. ಹೋಗುವಾಗ ಇನ್ನೂರು ಮೀಟರಿಗೂ ಮಿಕ್ಕಿ ಬಿಟ್ಟಿಯಾಗಿ ಸಿಗುತ್ತದೆ. ಬರುವಾಗ ಅಷ್ಟನ್ನೂ ಕಾಲಿನಿಂದ ತೀರಿಸಬೇಕು.

ಸಾಲ ತೀರಿಸುವ ಕಷ್ಟ ಎಷ್ಟೆಂಬುದನ್ನು ನಿರ್ಧರಿಸುವುದು ಗಾಳಿ. ಆಷಾಢ, ಶ್ರಾವಣದಲ್ಲಿ ಪಡುವಣದ ಗಾಳಿ ಬಯಲುಸೀಮೆಯ ಮೇಲೆ ಬಿಡುವಿಲ್ಲದೆ ಬೀಸುತ್ತದೆ. ಹೋಗುವಾಗ ಅದು ಎದೆಗೇ ಬಡಿದರೂ ನೆಲ ಇಳಿಜಾರಾದ್ದರಿಂದ ಸೈಕಲ್ ನಿಲ್ಲುವುದಿಲ್ಲ. ವಾಪಸು ಬರುವಾಗ ನೆಲ ಏರು, ಆದರೆ ಗಾಳಿ ಬೆನ್ನಿಗೆ. ಮಳೆಯೂ ಇಲ್ಲಿ ಹನಿ ಹಾಕಿ ಹೋಗುವುದೇ ಹೆಚ್ಚು. ಚಳಿಗಾಲದಲ್ಲಿ ಈ ಲೆಕ್ಕ ತಲೆಕೆಳಗು. ಮೂಡಣ ಗಾಳಿ ಹೋಗುವಾಗ ದೂಡಿ ಕಳಿಸುತ್ತದೆ, ಮಂಚೇನಹಳ್ಳಿ ದಾಟಿ ಬೆಟ್ಟಗಳು ಹತ್ತಿರವಾಗಿ ಕಾಲು ಸೋತಿರುವಾಗ ಎದುರಿಗೆ ನಿಲ್ಲುತ್ತದೆ. ಎಲ್ಲರೂ ಡಿಸೆಂಬರಿನ ಮಂಜಿಗೆ ಕಾಯುತ್ತಾರೆ. ಈ ದಾರಿಗೆ ನಾನು ಹೇಳುವ ತಿಂಗಳು ಜುಲೈ.

ಡಿಸೆಂಬರಿನಲ್ಲಿ ಬಂದರೆ ಇನ್ನೊಂದು ಸಂಗತಿ ತಿಳಿದಿರಲಿ. ಆ ದಿನಗಳಲ್ಲಿ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿಗಳನ್ನು ಡಾಂಬರಿನ ಮೇಲೆ ಹರಡಿರುತ್ತಾರೆ; ಬಸ್ಸು ಲಾರಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಕಾರಿನವರಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಸೈಕಲ್ಲಿಗೆ ಮಾತ್ರ ಹುರುಳಿ ಬಳ್ಳಿ ಪಕ್ಕಾ ಶತ್ರು. ಒಣಗಿದ ಬಳ್ಳಿ ಚೈನಿನ ಜೊತೆ ಮೇಲೇರಿ, ಹಿಂದಿನ ಗೇರಿನ ಎರಡು ಪುಟ್ಟ ಹಲ್ಲುಚಕ್ರಗಳ ನಡುವೆ ದಾರದಂತೆ ಸುತ್ತಿಕೊಳ್ಳುತ್ತದೆ. ಹಠಕ್ಕೆ ಬಿದ್ದು ಪೆಡಲ್ ಒತ್ತಿದರೆ ಗೇರಿನ ಕೊಕ್ಕೆಯೇ ಮುರಿಯಬಹುದು. ತಕ್ಷಣ ಇಳಿದು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಬಳ್ಳಿಯನ್ನು ಬೆರಳಿನಿಂದ ಬಿಡಿಸಬೇಕು. ಅದಕ್ಕಿಂತ ಮೇಲು, ಕಣ ಕಂಡ ಕಡೆ ಸೈಕಲ್ಲನ್ನು ಎತ್ತಿಕೊಂಡು ಅಂಚಿನಲ್ಲಿ ನಡೆದುಬಿಡುವುದು. ಕಾಳು ಆರಿಸುತ್ತಿರುವ ಹೆಂಗಸರ ಬೆನ್ನ ಹಿಂದೆ ಜೋರಾಗಿ ಇಳಿದು ಬರುವುದು ಅಪಾಯ, ಮರ್ಯಾದೆಯೂ ಅಲ್ಲ.

ಚಿಕ್ಕಬಳ್ಳಾಪುರ ಬಿಟ್ಟ ಮೇಲೆ ಮೊದಲು ಸಿಗುವುದು ರಂಗಸ್ಥಳ. ರಂಗನಾಥನ ಗುಡಿಯನ್ನು ನೋಡದೆ ಮುಂದೆ ಹೋಗಬೇಡಿ. ಶುರುವಿನಲ್ಲೇ ಇಳಿದು ನಿಲ್ಲುವುದು ಸವಾರರಿಗೆ ಬೇಸರ, ಆದರೂ ನಿಲ್ಲಿ. ಆಮೇಲೆ ದ್ರಾಕ್ಷಿ ಚಪ್ಪರ, ಹೂವಿನ ಹೊಲ, ಬೆಳಗಿನ ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದ ಸಾಲು. ಮಂಚೇನಹಳ್ಳಿಯಿಂದ ಕೆಳಗೆ ಮೆಕ್ಕೆಜೋಳ ಶುರುವಾಗುತ್ತದೆ, ಗಾಳಿ ಬಿಸಿಯಾಗುತ್ತದೆ, ಮಾತಿನಲ್ಲಿ ತೆಲುಗು ಬೆರೆಯುತ್ತದೆ.

ಗೌರಿಬಿದನೂರಿನ ಸುತ್ತಿನ ನೆಲಕ್ಕೆ ಒಂದು ಗುಣವಿದೆ: ಸದ್ದು ಕಡಿಮೆ. 1965ರಲ್ಲಿ ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ನೆರವಿನಿಂದ ಭೂಕಂಪನ ಅಳೆಯುವ ಕೇಂದ್ರವನ್ನು ತೆರೆದದ್ದು ಇಲ್ಲಿ. ದೂರದ ದೇಶಗಳ ಅಣುಸ್ಫೋಟದ ನಡುಕವನ್ನೂ ಅದು ಹಿಡಿಯಬೇಕಿತ್ತು. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಆಲಿಸುವ ದೂರದರ್ಶಕವೂ 1970ರ ದಶಕದಲ್ಲಿ ಇದೇ ತಾಲ್ಲೂಕಿಗೆ ಬಂತು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದ ಸವಾರನಿಗೆ ಆ ಆಯ್ಕೆಯ ಅರ್ಥ ಕಿವಿಯಿಂದಲೇ ತಿಳಿಯುತ್ತದೆ. ಇದೇ ತಾಲ್ಲೂಕಿನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಡುಗನಾಗಿದ್ದಾಗ ಬಸ್ಸಿಗೆ ದುಡ್ಡಿಲ್ಲದೆ ಓದಲು ಬೆಂಗಳೂರಿಗೆ ನಡೆದೇ ಹೋದರು. ನಾವು ಹದಿನಾರು ಗೇರಿನ ಸೈಕಲ್ಲಿನಲ್ಲಿ ಹೋಗಿ ಸುಸ್ತು ಎನ್ನುವಾಗ ಅದನ್ನು ನೆನೆಯುವುದು ಒಳ್ಳೆಯದು.

ವಿದುರಾಶ್ವತ್ಥದಲ್ಲಿ ಸೈಕಲ್ ಒರಗಿಸಿದರೆ ಮೊದಲು ಕಾಣುವುದು ನಾಗರಕಲ್ಲುಗಳ ಸಾಲು. ಅರಿಸಿನ ಕುಂಕುಮ ಮೆತ್ತಿದ ನೂರಾರು ಹೆಡೆಗಳು. ವಿದುರ ನೆಟ್ಟನೆಂದು ಜನ ನಂಬಿದ ಅಶ್ವತ್ಥಮರ 2001ರಲ್ಲಿ ಉರುಳಿತು. ಇಲ್ಲಿಯ ತೋಪಿನಲ್ಲಿ 1938ರ ಏಪ್ರಿಲ್ 25ರಂದು, ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಕೆಲವೇ ದಿನಗಳಲ್ಲಿ, ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ಜನರ ಲೆಕ್ಕ. ಅಂದಿನ ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ತೀರಾ ಕಡಿಮೆ. ಹುತಾತ್ಮರ ಸ್ಮಾರಕವಿದೆ, ವೀರಸೌಧದ ಚಿತ್ರಗಳಿವೆ. ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು ಒಳಗೆ ಹೋಗಿ, ನಿಧಾನವಾಗಿ ಓದಿ. ಇಲ್ಲಿ ಅರ್ಧ ಗಂಟೆಯಾದರೂ ಕೊಡದ ಸವಾರಿ ಪೂರ್ತಿಯಾಗುವುದಿಲ್ಲ.

ಪೂರ್ವದ ಕಡೆ ಶಿಡ್ಲಘಟ್ಟ, ಚಿಂತಾಮಣಿಗಳ ದಾರಿಯೂ ಇದೆ. ಹಿಪ್ಪುನೇರಳೆ ತೋಟ, ರೇಷ್ಮೆಗೂಡಿನ ಚೀಲ ಹೊತ್ತ ಬೈಕುಗಳು, ಮುಂದೆ ಕೈವಾರ, ಅಂಬಾಜಿದುರ್ಗ. ದೊಡ್ಡ ಏರಿಳಿತವಿಲ್ಲ, ಹೊಸಬರಿಗೆ ಹೇಳಿ ಮಾಡಿಸಿದ್ದು. ನನ್ನ ಮನಸ್ಸು ಮಾತ್ರ ಪಡುವಣದ ದಾರಿಯಲ್ಲೇ.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕನ್ನೂ ಪೋಣಿಸುವುದು ಹೊನ್ನಾವರದಿಂದ ಚಿತ್ತೂರಿಗೆ ಹೋಗುವ 69ನೇ ರಾಷ್ಟ್ರೀಯ ಹೆದ್ದಾರಿ. ಅದಕ್ಕೇ ಅಂಟಿಕೊಂಡು ಹೋಗಬೇಕಾಗಿಲ್ಲ. ಇಂಗ್ಲೆಂಡಿನ ಹಳ್ಳಿದಾರಿಗಳು ಸೈಕಲ್ಲಿಗೆ ಹೆಸರಾದದ್ದು ಅವು ಚೆಂದವಾಗಿವೆ ಎಂಬ ಒಂದೇ ಕಾರಣಕ್ಕಲ್ಲ. 1995ರಿಂದ ಅಲ್ಲಿ ರಾಷ್ಟ್ರೀಯ ಸೈಕಲ್ ಜಾಲವೆಂದು ದಾರಿಗಳಿಗೆ ನಂಬರು ಕೊಟ್ಟು, ತಿರುವುಗಳಲ್ಲಿ ಫಲಕ ನೆಟ್ಟರು. ನಮ್ಮಲ್ಲಿ ಫಲಕವಿಲ್ಲ, ಮೈಲಿಗಲ್ಲು ಇದೆ. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮ ಸಡಕ್. ಕಿತ್ತಳೆ ಕಲ್ಲು ಕಂಡಲ್ಲಿ ತಿರುಗಿ. ಡಾಂಬರು ಒರಟಾಗಿರಬಹುದು, ಸಪೂರ ಟೈರಿಗಿಂತ 28 ಅಥವಾ 32 ಮಿಲಿಮೀಟರಿನದ್ದು ವಾಸಿ. ಜಾಲಿಮುಳ್ಳಿಗೆ ಎರಡು ಟ್ಯೂಬು ಜೊತೆಗಿರಲಿ.

ಈ ರಸ್ತೆಗಳ ನಿಜವಾದ ಸವಾರರು ನಾವಲ್ಲ. 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಬಂತು. ಹಳ್ಳಿಯಿಂದ ಹೈಸ್ಕೂಲಿಗೆ ಇದೇ ದಾರಿಯಲ್ಲಿ ಮಕ್ಕಳು ಹೋಗಿಬರುತ್ತಾರೆ, ಲಾರಿ ಬಂದಾಗ ಮಣ್ಣಿಗೆ ಇಳಿಯುತ್ತಾರೆ. ಆದ್ದರಿಂದ ಹೆದ್ದಾರಿ ಅಗಲ ಮಾಡುವವರಲ್ಲಿ ನನ್ನದೊಂದು ಕೋರಿಕೆ: ಬಿಳಿ ಗೆರೆಯ ಆಚೆ ಒಂದೂವರೆ ಮೀಟರ್ ನಯವಾದ ಡಾಂಬರನ್ನು ಗುಂಡಿಯಿಲ್ಲದಂತೆ, ಅಂಗಡಿ ಸಾಮಾನು ಬಂದು ಕೂರದಂತೆ, ಮೊದಲು ಆ ಮಕ್ಕಳಿಗಾಗಿ ಉಳಿಸಿಕೊಡಿ.