ಆಂಟೆನಾ ರೋಟೇಟರಿನ ಲಕ್ಷಣವಿಚಾರ

ಹವ್ಯಾಸಿ ರೇಡಿಯೋ ಕೇಂದ್ರದ ಗೋಪುರದ ಮೇಲಿರುವ ಆಂಟೆನಾವನ್ನು ಬೇಕಾದ ದಿಕ್ಕಿಗೆ ತಿರುಗಿಸಿ, ಆ ದಿಕ್ಕಿನಲ್ಲಿಯೇ ಹಿಡಿದು ನಿಲ್ಲಿಸುವ ವಿದ್ಯುದ್ಯಂತ್ರಕ್ಕೆ ರೋಟೇಟರು ಎಂದು ಹೆಸರು. 1926ರಲ್ಲಿ ಜಪಾನು ದೇಶದ ಸೆಂಡಾಯಿ ನಗರದ ತೊಹೊಕು ವಿಶ್ವವಿದ್ಯಾನಿಲಯದಿಂದ ಉದಾ ಮತ್ತು ಯಾಗಿ ಎಂಬ ವಿದ್ವಾಂಸರು ಲೋಕಕ್ಕೆ ತಿಳಿಯಪಡಿಸಿದ ಆಂಟೆನಾವು ತರಂಗಶಕ್ತಿಯನ್ನು ಒಂದು ದಿಕ್ಕಿಗೇ ಹೆಚ್ಚಾಗಿ ಕಳುಹಿಸುವುದು. ಆದುದರಿಂದ ಅದನ್ನು ಬಳಸುವವನಿಗೆ ದಿಕ್ಕನ್ನು ಬದಲಾಯಿಸುವ ಸಾಧನವೊಂದು ಅವಶ್ಯವಾಯಿತು. ಆ ಸಾಧನವು ಕೆಟ್ಟರೆ ಆಗುವ ನಷ್ಟವು ಹಣದ್ದು ಮಾತ್ರವಲ್ಲ. ಅದನ್ನು ಇಳಿಸಿ ಸರಿಪಡಿಸುವುದಕ್ಕಾಗಿ ಒಬ್ಬ ಮನುಷ್ಯನು ಪ್ರಾಣವನ್ನು ಒಂದು ಪಟ್ಟಿಗೆ ಒಪ್ಪಿಸಿ ಇಪ್ಪತ್ತು ಮೂವತ್ತು ಮೀಟರು ಎತ್ತರಕ್ಕೆ ಏರಬೇಕು. ಇಂತಿರಲು ರೋಟೇಟರಿನ ಆಯ್ಕೆಯು ಅಂಗಡಿಯ ಮಾತಾಗಿಯೇ ಉಳಿಯದೆ ವಿಮರ್ಶೆಗೆ ವಿಷಯವಾಗುವುದು ಯುಕ್ತವಾಗಿದೆ.

ತಯಾರಕರು ಪ್ರಕಟಿಸುವ ಗುಣಪಟ್ಟಿಕೆಗಳಲ್ಲಿ ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು, ಆಂಟೆನಾವು ಗಾಳಿಗೆ ಎಷ್ಟು ವಿಸ್ತೀರ್ಣವನ್ನು ಒಡ್ಡಿದರೆ ಯಂತ್ರವು ತಾಳುವುದೆಂಬ ಅಂಕಿ. "ಇಷ್ಟು ಚದರಡಿಯ ಆಂಟೆನಾಕ್ಕೆ ಸಾಕಾಗುವುದೇ ಯೋಗ್ಯವಾದ ರೋಟೇಟರು" ಎಂಬುದು ಪ್ರಾಯಿಕವಾದ ಲಕ್ಷಣವಾಗಿ ಹವ್ಯಾಸಿಗಳಲ್ಲಿ ನೆಲೆಗೊಂಡಿದೆ. ಲಕ್ಷಣವನ್ನು ಹೇಳಿದಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ಪರೀಕ್ಷಿಸಬೇಕೆಂದು ತಾರ್ಕಿಕರ ಮತ. ಗೋವಿಗೆ ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಗೋವಾಗುವುದು, ಇದು ಅತಿವ್ಯಾಪ್ತಿ. ಮೇಲಿನ ವಿಸ್ತೀರ್ಣಲಕ್ಷಣದಲ್ಲಿಯೂ ಇದೇ ದೋಷವಿದೆಯೆಂಬುದನ್ನು ಕ್ರಮವಾಗಿ ತೋರಿಸಬಹುದು.

ಗಾಳಿಯ ಒತ್ತಡವು ಅದರ ವೇಗದ ವರ್ಗವನ್ನು ಅನುಸರಿಸುವುದು. ವೇಗವು ಇಮ್ಮಡಿಯಾದರೆ ಒತ್ತಡವು ನಾಲ್ಮಡಿಯಾಗುವುದು. ಸೆಕೆಂಡಿಗೆ 30 ಮೀಟರು, ಅಂದರೆ ಗಂಟೆಗೆ 108 ಕಿಲೋಮೀಟರು ವೇಗದ ಗಾಳಿಯ ಒತ್ತಡವು ಪ್ರತಿ ಚದರಮೀಟರಿಗೆ ಸುಮಾರು 550 ನ್ಯೂಟನ್. ಆಂಟೆನಾದ ಎರಡು ಪಕ್ಕಗಳೂ ಸಮವಾಗಿದ್ದು ಗಾಳಿಯೂ ಸಮವಾಗಿ ಬೀಸಿದರೆ ಎಡಬಲದ ಬಲಗಳು ಒಂದನ್ನೊಂದು ಕಳೆಯುವುವು. ಆಗ ರೋಟೇಟರಿಗೆ ತಿರುಚುವ ಭಾರವೇ ಇರುವುದಿಲ್ಲ. ಆದರೆ ಬಿರುಗಾಳಿಯು ಸಮವಾಗಿ ಬೀಸುವುದಿಲ್ಲ. ಒಂದು ಪಕ್ಕದಲ್ಲಿ ಕೇವಲ 0.1 ಚದರಮೀಟರಿನಷ್ಟು ಹೆಚ್ಚಿನ ಒತ್ತಡವು ಮಧ್ಯದ ಕಂಬದಿಂದ 3 ಮೀಟರು ದೂರದಲ್ಲಿ ಬಿದ್ದಿತೆಂದು ಭಾವಿಸಿದರೆ, ತಿರುಚುಬಲವು ಸುಮಾರು 165 ನ್ಯೂಟನ್-ಮೀಟರು. ಅದೇ ಒತ್ತಡವು 6 ಮೀಟರು ದೂರದಲ್ಲಿ ಬಿದ್ದರೆ ಸುಮಾರು 330. ವಿಸ್ತೀರ್ಣವು ಎರಡು ಕಡೆಯೂ ಒಂದೇ. ಯಂತ್ರದ ಮೇಲೆ ಬೀಳುವ ಭಾರವು ಮಾತ್ರ ಇಮ್ಮಡಿ. ಹೀಗೆ ವಿಸ್ತೀರ್ಣವೆಂಬ ಲಕ್ಷಣವು ಗಿಡ್ಡ ಆಂಟೆನಾವನ್ನೂ ನೀಳ ಆಂಟೆನಾವನ್ನೂ ಒಂದೇ ಎಂದು ಎಣಿಸುವುದರಿಂದ ದುಷ್ಟವಾಗಿದೆ.

ಈ ನ್ಯೂನತೆಯನ್ನು ತಯಾರಕರು ಅರಿಯದವರಲ್ಲ. ಕೆಲವರು ಆಂಟೆನಾದ ತೂಕವನ್ನು ಅದು ತಿರುಗುವ ವೃತ್ತದ ತ್ರಿಜ್ಯದಿಂದ ಗುಣಿಸಿ ಬಂದ ಅಂಕಿಯನ್ನು ಎರಡನೆಯ ಲಕ್ಷಣವಾಗಿ ಕೊಟ್ಟಿರುವರು. ಇದು ಮೊದಲನೆಯದಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇದು ಪೂರ್ಣವಲ್ಲ. ತಿರುಗುತ್ತಿರುವ ವಸ್ತುವಿನ ಜಡತ್ವವು ತ್ರಿಜ್ಯವನ್ನಲ್ಲ, ತ್ರಿಜ್ಯದ ವರ್ಗವನ್ನು ಅನುಸರಿಸುವುದು. ಒಂದೇ ತೂಕದ, ಒಂದೇ ರೀತಿಯ ಎರಡು ಆಂಟೆನಾಗಳಲ್ಲಿ ಒಂದರ ಉದ್ದವು ಇನ್ನೊಂದರ ಇಮ್ಮಡಿಯಾಗಿದ್ದರೆ, ಪಟ್ಟಿಕೆಯ ಲೆಕ್ಕದಲ್ಲಿ ಭಾರವು ಎರಡು ಪಾಲು. ಪ್ರಕೃತಿಯ ಲೆಕ್ಕದಲ್ಲಿ ನಾಲ್ಕು ಪಾಲು. ತಿರುಗುತ್ತಿರುವುದನ್ನು ತಟ್ಟನೆ ನಿಲ್ಲಿಸುವಾಗ ಹಲ್ಲುಚಕ್ರಗಳನ್ನು ಮುರಿಯುವುದು ಈ ಎರಡನೆಯ ಲೆಕ್ಕವೇ ಹೊರತು ಮೊದಲನೆಯದಲ್ಲ.

ಹಾಗಾದರೆ ಪ್ರಧಾನವಾದ ಲಕ್ಷಣವು ಯಾವುದು? ತಿರುಗಿಸುವ ಬಲವೇ ಪ್ರಧಾನವೆಂದು ಕೆಲವರು ಹೇಳುವರು. ಹೆಸರೇ ತಿರುಗಿಸುವ ಯಂತ್ರವೆಂದಿರುವಾಗ ಈ ಪಕ್ಷವು ಸಹಜವೂ ಆಗಿದೆ. ಆದರೆ ಈ ಯಂತ್ರವು ತನ್ನ ಆಯುಸ್ಸಿನ ಬಹುಭಾಗವನ್ನು ಕಳೆಯುವುದು ತಿರುಗಿಸುವುದರಲ್ಲಲ್ಲ, ನಿಲ್ಲಿಸಿ ಹಿಡಿದಿರುವುದರಲ್ಲಿ. ಅಮೆರಿಕದ ಕಾರ್ನೆಲ್-ಡ್ಯೂಬಿಲಿಯರ್ ಸಂಸ್ಥೆಯಲ್ಲಿ ಹುಟ್ಟಿ ಅನಂತರ ಹೈಗೇನ್ ಎಂಬ ಹೆಸರಿನಲ್ಲಿ ಮುಂದುವರಿದ ಯಂತ್ರಗಳ ಅಂಕಿಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಸಿ.ಡಿ. 45 ಎಂಬ ಚಿಕ್ಕ ಯಂತ್ರಕ್ಕೆ ಹೇಳಿದ ವಿಸ್ತೀರ್ಣ 8.5 ಚದರಡಿ, ತಿರುಗಿಸುವ ಬಲ 600 ಇಂಚು-ಪೌಂಡು, ತಡೆಯುವ ಬಲ 800. ಹ್ಯಾಮ್-4 ಎಂಬುದಕ್ಕೆ ಕ್ರಮವಾಗಿ 15, 800, 5000. ಟೈಲ್‌ಟ್ವಿಸ್ಟರ್ ಎಂಬ ದೊಡ್ಡದಕ್ಕೆ 20, 1000, 9000. ಮೊದಲನೆಯದರಿಂದ ಎರಡನೆಯದಕ್ಕೆ ವಿಸ್ತೀರ್ಣವು ಎರಡರಷ್ಟೂ ಆಗಿಲ್ಲ. ತಡೆಬಲವು ಆರು ಪಟ್ಟಿಗಿಂತ ಮಿಕ್ಕಿದೆ. ಎರಡನೆಯದರಿಂದ ಮೂರನೆಯದಕ್ಕೆ ತಿರುಗಿಸುವ ಬಲವು ಕಾಲುಪಾಲು ಹೆಚ್ಚಿದರೆ, ತಡೆಬಲವು ಐದರಲ್ಲಿ ನಾಲ್ಕು ಪಾಲು ಹೆಚ್ಚಿದೆ. ತಯಾರಕನು ಲೋಹವನ್ನೂ ಶ್ರಮವನ್ನೂ ಎಲ್ಲಿ ವ್ಯಯಮಾಡಿರುವನೆಂಬುದು ಇದರಿಂದಲೇ ವ್ಯಕ್ತವಾಗುವುದು.

ಹಿಂದೆ ಹೇಳಿದ ಗಾಳಿಗೆ ಇದನ್ನು ಹೋಲಿಸಿದರೆ, 800 ಇಂಚು-ಪೌಂಡು ಎಂಬುದು ಸುಮಾರು 90 ನ್ಯೂಟನ್-ಮೀಟರು, 5000 ಎಂಬುದು ಸುಮಾರು 565. ಎಡಬಲದ ಆ ಅಲ್ಪ ವ್ಯತ್ಯಾಸವು 165ನ್ನಾಗಲಿ 330ನ್ನಾಗಲಿ ಉಂಟುಮಾಡಿದಾಗ ಮೊದಲನೆಯದು ಜಾರುವುದು, ಎರಡನೆಯದು ನಿಲ್ಲುವುದು. ಇದರಿಂದ ಚಿಕ್ಕ ಯಂತ್ರವು ದೋಷಯುಕ್ತವೆಂದು ತಿಳಿಯಬಾರದು. ಅದು ಗಿಡ್ಡ ಆಂಟೆನಾಕ್ಕಾಗಿಯೇ ರಚಿತವಾದುದು. ದೋಷವು ಅದಕ್ಕೆ ನೀಳ ಆಂಟೆನಾವನ್ನು ಹೊರಿಸುವವನದು. ರಥೋತ್ಸವದಲ್ಲಿ ಹಗ್ಗವನ್ನು ಎಳೆಯುವವರು ಸಾವಿರ ಮಂದಿ. ಆದರೆ ಇಳಿಜಾರಿನಲ್ಲಿ ರಥದ ಕ್ಷೇಮವು ಚಕ್ರದ ಅಡಿಗೆ ಮರದ ತುಂಡನ್ನು ಕೊಟ್ಟು ನಿಲ್ಲಿಸುವ ಇಬ್ಬರು ಮೂವರ ಕೈಯಲ್ಲಿರುವುದು. ಆದುದರಿಂದ ತಡೆಬಲವೇ ಪ್ರಧಾನ, ತಿರುಗಿಸುವ ಬಲವು ಗೌಣವೆಂಬುದು ಸಿದ್ಧಾಂತ.

ಅಂಕಿಗಳನ್ನು ಹೋಲಿಸುವಾಗ ಮಾನಭೇದವನ್ನು ಮರೆಯಬಾರದು. ಜಪಾನಿನ ಯಾಸು ಸಂಸ್ಥೆಯ ಜಿ-1000 ಎಂಬ ಯಂತ್ರದ ತಡೆಬಲವು 6000 ಕಿಲೋಗ್ರಾಂ-ಸೆಂಟಿಮೀಟರು ಎಂದಿರುವುದನ್ನು ಹ್ಯಾಮ್-4ರ 5000ದ ಪಕ್ಕದಲ್ಲಿಟ್ಟರೆ ಐದರಲ್ಲಿ ಒಂದು ಪಾಲು ಹೆಚ್ಚೆಂದು ತೋರುವುದು. ಒಂದೇ ಮಾನಕ್ಕೆ ತಂದರೆ ಅದು ಸುಮಾರು 588 ನ್ಯೂಟನ್-ಮೀಟರು, ಇದು 565. ಭೇದವು ನೂರಕ್ಕೆ ನಾಲ್ಕು ಮಾತ್ರ. ಸೇರನ್ನೂ ಪಡಿಯನ್ನೂ ಸಮವೆಂದೆಣಿಸಿ ಅಕ್ಕಿಯನ್ನು ಕೊಂಡವನ ಗತಿಯೇ ಇಲ್ಲಿಯೂ ಆಗುವುದು.

ತಡೆಯುವ ಕ್ರಮದಲ್ಲಿಯೂ ಎರಡು ಮುಖ್ಯ ಸಂಪ್ರದಾಯಗಳಿವೆ. ಹ್ಯಾಮ್-4 ಮೊದಲಾದವುಗಳಲ್ಲಿ ಉಕ್ಕಿನ ಬೆಣೆಯೊಂದು ಹಲ್ಲುಗಳುಳ್ಳ ಬಳೆಯ ಸಂದಿಗೆ ಇಳಿದು ಕೂರುವುದು. ತಿರುಗಿಸಬೇಕಾದಾಗ ವಿದ್ಯುತ್ಕಾಂತವು ಅದನ್ನು ಹಿಂದಕ್ಕೆ ಸೆಳೆಯುವುದು. ಇಟಲಿಯ ಪ್ರೊಸಿಸ್ಟೆಲ್ ಮೊದಲಾದ ಸಂಸ್ಥೆಗಳ ಯಂತ್ರಗಳಲ್ಲಿ ಬೆಣೆಯಿಲ್ಲ. ತಿರುಪಿನ ಆಕಾರದ ದಂಡವು ಹಲ್ಲುಚಕ್ರವನ್ನು ತಿರುಗಿಸುವುದು, ಚಕ್ರವು ದಂಡವನ್ನು ಹಿಂದಿರುಗಿ ತಿರುಗಿಸಲಾರದು. ಈ ವರ್ಮ್ ಗೇರಿನ ಕ್ರಮದಲ್ಲಿ ಪ್ರತ್ಯೇಕವಾದ ತಡೆಯೇ ಬೇಡವಾದುದರಿಂದ ಇದೇ ಶ್ರೇಷ್ಠವೆಂದು ಕೆಲವರ ಪಕ್ಷ. ಬೆಣೆಯ ದೋಷವು ನಿಜವೇ: ಗಾಳಿಯು ಒಂದು ಕಡೆಗೆ ಒತ್ತಿದಾಗ ಬೆಣೆಯು ಬಿಗಿದುಕೊಂಡು ಬಾರದೆ ಹೋಗುವುದುಂಟು, ಆಂಟೆನಾವು ಇನ್ನೂ ಚಲಿಸುತ್ತಿರುವಾಗಲೇ ಬೆಣೆಯನ್ನು ಬೀಳಿಸಿದರೆ ಆಘಾತವೆಲ್ಲವೂ ಹಲ್ಲುಗಳ ಮೇಲೆ ಬೀಳುವುದು. ಆದರೆ ವರ್ಮ್ ಗೇರಿನಲ್ಲಿ ಗಾಳಿಯ ಪ್ರತಿಯೊಂದು ಹೊಡೆತವೂ ತಿರುಗಿಸುವ ಹಲ್ಲುಗಳಿಗೇ ತಗಲುವುದು. ತಡೆಯುವುದೂ ಸವೆಯುವುದೂ ಒಂದೇ ಅಂಗ. ಬೆಣೆಯಲ್ಲಿ ತಡೆಯುವ ಅಂಗವು ಬೇರೆ, ತಿರುಗಿಸುವ ಅಂಗವು ಬೇರೆ. ಆದುದರಿಂದ ಜಾತಿಯನ್ನು ನೋಡಿ ನಿರ್ಣಯಿಸದೆ, ಹಲ್ಲುಗಳು ಉಕ್ಕಿನವೋ ಮೃದುಲೋಹದವೋ, ಅವು ಎಷ್ಟು ಅಗಲವಾಗಿವೆಯೋ ಎಂಬುದನ್ನು ನೋಡಿ ನಿರ್ಣಯಿಸುವುದೇ ಸಮಂಜಸ.

ಯಂತ್ರವನ್ನು ಇರಿಸುವ ಸ್ಥಾನವೂ ಲಕ್ಷಣದಲ್ಲಿ ಸೇರಬೇಕು. ಹ್ಯಾಮ್-4ನ್ನು ಗೋಪುರದ ಒಳಗೆ ಇರಿಸಿದರೆ 15 ಚದರಡಿ. ಗೋಪುರದ ಮೇಲೆ ಬರಿಯ ಕಂಬಕ್ಕೆ ಜೋಡಿಸಿದರೆ 7.5 ಮಾತ್ರ. ಒಂದೇ ಯಂತ್ರದ ಯೋಗ್ಯತೆಯು ಅರ್ಧಕ್ಕೆ ಇಳಿಯುವುದೇಕೆ? ಒಳಗಿರುವಾಗ ಗೋಪುರದ ನೆತ್ತಿಯಲ್ಲಿರುವ ಆಧಾರವು ಕಂಬವನ್ನು ಪಕ್ಕದಿಂದ ಹಿಡಿದು ಬಾಗಿಸುವ ಬಲವನ್ನು ತಾನೇ ಹೊರುವುದು. ರೋಟೇಟರಿಗೆ ತಿರುಚುವ ಬಲವಷ್ಟೇ ಉಳಿಯುವುದು. ಹೊರಗಿರುವಾಗ ಎರಡನ್ನೂ ಅದೇ ಹೊರಬೇಕು. ದೊಡ್ಡ ಯಂತ್ರವನ್ನು ಕೊಂಡು ಹೊರಗಿರಿಸುವುದಕ್ಕಿಂತ ಸಾಧಾರಣ ಯಂತ್ರವನ್ನು ಒಳಗಿರಿಸಿ ನೆತ್ತಿಯಲ್ಲಿ ಒಳ್ಳೆಯ ಬೇರಿಂಗನ್ನು ಕೊಡುವುದು ಅನೇಕ ವೇಳೆ ಲೇಸು.

ಯಂತ್ರದ ಮೇಲೆ ಹೊರಿಸುವ ಅಪರಾಧಗಳಲ್ಲಿ ಹಲವು ಅದರವಲ್ಲ. ಬೆಣೆಯನ್ನು ಸೆಳೆಯುವ ವಿದ್ಯುತ್ಕಾಂತಕ್ಕೆ ಹೆಚ್ಚು ಪ್ರವಾಹವು ಬೇಕು. ಉದ್ದವಾದ ಕೇಬಲಿನಲ್ಲಿ ತಂತಿಯು ಸಣ್ಣದಾಗಿದ್ದರೆ ವೋಲ್ಟೇಜು ದಾರಿಯಲ್ಲಿಯೇ ಕುಗ್ಗಿ, ಬೆಣೆಯು ಏಳದೆ ಮೋಟಾರು ನರಳುವುದು. ಈ ಯಂತ್ರಗಳ ಎಂಟು ತಂತಿಗಳಲ್ಲಿ ಎರಡನ್ನು ದಪ್ಪವಾಗಿರಿಸಬೇಕೆಂಬ ವಿಧಿಗೆ ಕಾರಣವಿದೇ. ಮೋಟಾರನ್ನು ಚಲಿಸುವಂತೆ ಮಾಡುವ ಕೆಪಾಸಿಟರು ವರ್ಷಗಳು ಕಳೆದಂತೆ ಒಣಗಿ ಶಕ್ತಿಗುಂದುವುದು. ಅದಿರುವುದು ಮನೆಯೊಳಗಿನ ಪೆಟ್ಟಿಗೆಯಲ್ಲಿ. ಇದನ್ನು ಅರಿಯದವನು ಗೋಪುರದ ಮೇಲಿರುವುದನ್ನು ಇಳಿಸಿ ಬಿಚ್ಚುವನು. ಅನ್ಯಥಾಸಿದ್ಧವಾದುದನ್ನು ಕಾರಣವೆಂದು ಭ್ರಮಿಸಬಾರದೆಂಬ ನ್ಯಾಯವು ಇಲ್ಲಿ ಒಬ್ಬನ ಅನಾವಶ್ಯಕವಾದ ಆರೋಹಣವನ್ನು ತಪ್ಪಿಸಬಲ್ಲುದು.

ದಿಕ್ಕನ್ನು ಒಂದೊಂದು ಡಿಗ್ರಿಗೂ ತೋರಿಸುವ ಸೂಚಿಯುಳ್ಳದ್ದೇ ಉತ್ತಮವೆಂಬ ಇನ್ನೊಂದು ಪಕ್ಷವಿದೆ. ಹ್ರಸ್ವತರಂಗಗಳಲ್ಲಿ ಮೂರು ಕಡ್ಡಿಗಳ ಯಾಗಿ ಆಂಟೆನಾದ ಪ್ರಸಾರದ ಅಗಲವು ಸುಮಾರು 60 ಡಿಗ್ರಿ. ಬೆಂಗಳೂರಿನಿಂದ ಲಂಡನ್ನಿಗೆ ದಿಕ್ಕು ಸುಮಾರು 320 ಡಿಗ್ರಿ, ನ್ಯೂಯಾರ್ಕಿಗೆ ಸುಮಾರು 335. ಎರಡೂ ಒಂದೇ ಹರವಿನಲ್ಲಿ ಅಡಗುವುವು. ಆದುದರಿಂದ ಇಲ್ಲಿ ಸೂಕ್ಷ್ಮಸೂಚಿಯು ಅಲಂಕಾರವೇ ಸರಿ. ಯಂತ್ರವು ತನ್ನ ಸುತ್ತನ್ನು ಮುಗಿಸಿ ನಿಲ್ಲುವ ಎಲ್ಲೆಯು ಯಾವ ದಿಕ್ಕಿನಲ್ಲಿರಬೇಕೆಂಬುದು ಮಾತ್ರ ಅಲಂಕಾರವಲ್ಲ. ಬೆಂಗಳೂರಿನಿಂದ ಟೋಕಿಯೋ ಸುಮಾರು 56 ಡಿಗ್ರಿಯಲ್ಲಿದೆ. ಎಲ್ಲೆಯು ಉತ್ತರದಲ್ಲಿದ್ದರೆ ನ್ಯೂಯಾರ್ಕಿನಿಂದ ಟೋಕಿಯೋವಿಗೆ 279 ಡಿಗ್ರಿ ಹಿಂದಿರುಗಿ ಸುತ್ತಬೇಕು. ದಕ್ಷಿಣದಲ್ಲಿದ್ದರೆ 81 ಡಿಗ್ರಿ ಸಾಕು. ನಿಮಿಷಕ್ಕೆ ಒಂದು ಸುತ್ತಿನ ಯಂತ್ರಕ್ಕೆ ಮೊದಲನೆಯದು 46 ಸೆಕೆಂಡು, ಎರಡನೆಯದು 14 ಸೆಕೆಂಡಿಗೂ ಕಡಿಮೆ. ದಕ್ಷಿಣದಲ್ಲಿ ಬಹುದೂರ ಸಮುದ್ರವೇ ಇರುವ ಕರ್ಣಾಟಕದವನಿಗೆ ದಕ್ಷಿಣದ ಎಲ್ಲೆಯೇ ಶ್ರೇಯಸ್ಕರ. ಹೀಗೆ ಉಳಿಯುವ ಪ್ರತಿಯೊಂದು ಸುತ್ತೂ ಹಲ್ಲುಗಳ ಸವೆತವನ್ನು ಉಳಿಸುವುದು.

ಕೊನೆಯದಾಗಿ ದುರಸ್ತಿಯ ಮಾತು. ಹೈಗೇನ್ ಯಂತ್ರಗಳನ್ನು ತಯಾರಿಸುತ್ತಿದ್ದ ಎಂ.ಎಫ್.ಜೆ. ಸಂಸ್ಥೆಯು 2024ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯಲ್ಲಿದ್ದ ತನ್ನ ಕಾರ್ಖಾನೆಯ ತಯಾರಿಕೆಯನ್ನು ನಿಲ್ಲಿಸಿತು. ಆದರೂ ಆ ಪರಂಪರೆಯ ಹಳೆಯ ಯಂತ್ರಗಳನ್ನು ಹವ್ಯಾಸಿಗಳು ಬಿಚ್ಚಿ ತೊಳೆದು, ಗುಂಡುಗಳನ್ನು ಬದಲಾಯಿಸಿ, ಪುನಃ ಏರಿಸುತ್ತಿರುವರು; ಅವುಗಳ ರಚನೆಯು ಬಹುಜನವಿದಿತವಾಗಿರುವುದೇ ಇದಕ್ಕೆ ಕಾರಣ. ತಯಾರಕನು ಅಳಿದರೂ ಉಳಿಯಬಲ್ಲ ಯಂತ್ರವೇ ನಂಬಿಕೆಗೆ ಪಾತ್ರ. ಅಂಗಾಂಗಗಳು ದೊರೆಯದ, ಬಿಚ್ಚಲು ಬಾರದ ಹೊಸ ಯಂತ್ರಕ್ಕಿಂತ ಬಿಚ್ಚಿ ಸರಿಪಡಿಸಬಹುದಾದ ಹಳೆಯದು ಮೇಲು.

ಇದುವರೆಗಿನ ವಿಚಾರದಿಂದ ಏರ್ಪಡುವ ಕ್ರಮವಿದು: ಮೊದಲು ತಡೆಬಲ, ಎರಡನೆಯದು ಹಲ್ಲುಗಳ ಲೋಹ, ಮೂರನೆಯದು ಇರಿಸುವ ಸ್ಥಾನ, ನಾಲ್ಕನೆಯದು ದುರಸ್ತಿಯ ಸೌಲಭ್ಯ; ತಿರುಗಿಸುವ ಬಲವೂ ಸೂಚಿಯ ಸೂಕ್ಷ್ಮತೆಯೂ ಅವುಗಳ ಅನಂತರ. ವಿಸ್ತೀರ್ಣದ ಅಂಕಿಯು ದ್ವಾರದಲ್ಲಿ ನಿಂತು ತೀರ ಅಯೋಗ್ಯವಾದುದನ್ನು ತಡೆಯಬಲ್ಲುದೇ ಹೊರತು ಯೋಗ್ಯವಾದುದನ್ನು ಕರೆತರಲಾರದು. 2004ರ ಡಿಸೆಂಬರ್ 26ರ ಸುನಾಮಿಯ ಅನಂತರ, ಇತರ ಸಂಪರ್ಕಗಳು ಕಡಿದಿದ್ದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಭಾರತೀಯ ಹವ್ಯಾಸಿಗಳ ತಂಡವು ಅಂಡಮಾನಿನ ವಾರ್ತೆಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಹವ್ಯಾಸವೆಂದು ಲಘುವಾಗಿ ಕಾಣುವ ಈ ವಿದ್ಯೆಯು ಆಪತ್ಕಾಲದಲ್ಲಿ ಜನರ ಪ್ರಾಣಕ್ಕೆ ಸಂಬಂಧಿಸಿದುದಾಗುವುದು. ಅಂತಹ ಕಾಲವು ಬಹುಮಟ್ಟಿಗೆ ಬಿರುಗಾಳಿಯೊಡನೆಯೇ ಬರುವುದು. ಆ ದಿನ ಆಂಟೆನಾವು ಎಷ್ಟು ವೇಗವಾಗಿ ತಿರುಗಿತೆಂದು ಯಾರೂ ಕೇಳುವುದಿಲ್ಲ. ನಿಲ್ಲಿಸಿದ ಕಡೆಯಲ್ಲಿ ನಿಂತಿತೇ ಎಂದಷ್ಟೇ ಕೇಳುವರು.